ಮೂರು ‘ಬೇಡ’ಗಳ ಊರಿನಲ್ಲಿ ಒಂದು ‘ಓಕೆ’

ಶಾರ್ಜಾದ ಯಾವುದೋ ಗೋದಾಮಿನಲ್ಲಿ ಕೆಲಸಕ್ಕಿದ್ದ ಶಹಾತಾ ರಜೆಗೆಂದು ಹಡಗಿನ ಕಾಲುವೆಯ ದಂಡೆಯ ಇಸ್ಮಾಯಿಲಿಯಾಕ್ಕೆ ಬಂದು, ಅಕ್ಕನ ಮನೆಯಲ್ಲಿ ಎರಡು ವಾರ ಉಂಡು ಮಲಗಿ, ಹೊರಡುವಾಗ ಅಕ್ಕನಿಗೊಂದು ಇಸ್ತ್ರಿಪೆಟ್ಟಿಗೆಯನ್ನೂ ಅಕ್ಕನ ಮಗಳಿಗೊಂದು ಸೆಂಟಿನ ಬಾಟಲಿಯನ್ನೂ ಕೊಟ್ಟುಹೋದ. ಭಾವ ಬಯೂಮಿಗೆ ಕೊಟ್ಟದ್ದು ಒಂದೇ ಒಂದು ಇಂಗ್ಲಿಷ್ ಮಾತು. ಇಸ್ತ್ರಿಪೆಟ್ಟಿಗೆ ವಾರ ತುಂಬುವುದರೊಳಗೆ ಸುಟ್ಟುಹೋಯಿತು. ಸೆಂಟು ಗಾಳಿಗೆ ಹೋಯಿತು. ಮಾತು ಮಾತ್ರ ಗಟ್ಟಿಮುಟ್ಟಾಗಿ ಉಳಿದು ಆ ಬೇಸಿಗೆಯಲ್ಲಿ ಇಡೀ ಬೀದಿಯ ನೆಮ್ಮದಿ ಕೆಡಿಸಿತು.

ಬಯೂಮಿ ಮಾವಿನಹಣ್ಣಿನ ಮಂಡಿಯೊಂದರಲ್ಲಿ ತೂಕ ನೋಡುವವನು. ತಕ್ಕಡಿಯ ಮುಂದೆ ಅವನಷ್ಟು ಖಚಿತ ಮನುಷ್ಯ ಇನ್ನೊಬ್ಬನಿಲ್ಲ. ಆದರೆ ಬಾಯಿ ತೆರೆದರೆ ಮುಗಿಯಿತು, ಮಾತಿಗೆ ಬಾಲ ಬೆಳೆಯುತ್ತಿತ್ತು. ಯಾರಾದರೂ ಫೋನ್ ಮಾಡಿ ನಾಳೆ ಬರುತ್ತೀಯಾ ಎಂದು ಕೇಳಿದರೆ ದೇವರು ಮನಸ್ಸು ಮಾಡಿದರೆ ಎಂದು ಶುರುಮಾಡಿ, ಕೇಳಿದವನ ತಾಯಿಯ ಮಂಡಿನೋವು, ತಮ್ಮನ ಪರೀಕ್ಷೆ, ತನ್ನ ಹೊಟ್ಟೆಯುಬ್ಬರ ಎಲ್ಲವನ್ನೂ ಹಾದು, ನೋಡೋಣ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದ. ಅಷ್ಟು ಹೊತ್ತಿಗೆ ಕೇಳಿದವನಿಗೆ ಏನು ಕೇಳಿದೆನೆಂಬುದೇ ಮರೆತಿರುತ್ತಿತ್ತು.

ಇದರಿಂದ ಬೇರೆ ಯಾರಿಗೆ ನಷ್ಟವಾಯಿತೋ ಗೊತ್ತಿಲ್ಲ, ಮಗಳು ನಗ್ಲಾಗೆ ಮಾತ್ರ ಆಗಿತ್ತು. ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದ ನಗ್ಲಾಳನ್ನು ಕಾಲುವೆ ದಾಟಿಸುವ ದೋಣಿಗಳ ಮೆಕ್ಯಾನಿಕ್ ಇಸಾಮ್ ಮದುವೆಯಾಗಬೇಕೆಂದು ಕೇಳಿ ಮೂರು ವರ್ಷವಾಗಿತ್ತು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಮನೆಯೂ ಸಿಕ್ಕಿತ್ತು, ಎರಡು ಕೋಣೆಯದು. ತಡೆದು ನಿಂತಿದ್ದುದು ಒಂದು ಗಾಜಿನ ಬೀರು. ಹೊಸ ದಂಪತಿಗಳ ಮನೆಯಲ್ಲಿ, ಯಾರೂ ಎಂದೂ ಮುಟ್ಟದ ಪಿಂಗಾಣಿಯನ್ನು ಬಂದವರೆಲ್ಲ ನೋಡಲೆಂದು ಇಡುವ ಬೀರು. ಅದನ್ನು ಹೆಣ್ಣಿನ ಕಡೆಯವರು ಕೊಡಬೇಕೆಂದು ಗಂಡಿನ ತಾಯಿ, ಗಂಡಿನ ಕಡೆಯವರು ಕೊಡಬೇಕೆಂದು ಹೆಣ್ಣಿನ ತಾಯಿ. ನಾಲ್ಕು ಸಲ ಎರಡೂ ಮನೆಯವರು ಕೂತು, ಬಯೂಮಿಯ ಮಾತು ಬಾಲ ಬೆಳೆಸಿ, ಹಾಗೇ ಎದ್ದಿದ್ದರು. ಮುಂದಿನ ಶುಕ್ರವಾರ ಐದನೆಯದು. ಇದರಲ್ಲೂ ಮುಗಿಯದಿದ್ದರೆ ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ ಎಂದು ಗಂಡಿನ ತಂದೆ, ಮಂಜುಗಡ್ಡೆ ಕಾರ್ಖಾನೆಯ ಯಜಮಾನ, ಹಜ್ ಯಾತ್ರೆ ಮುಗಿಸಿದ ಹಾಜ್ ದಸೂಕಿ ಹೇಳಿಕಳಿಸಿದ್ದರು.

ಇಂಥ ಹೊತ್ತಿನಲ್ಲಿ ಬಯೂಮಿ ಬಾಮೈದನನ್ನು ಕಣ್ಣಿಟ್ಟು ನೋಡಿದ. ಶಹಾತಾ ಬಾಲ್ಕನಿಯಲ್ಲಿ ಅತ್ತಿಂದಿತ್ತ ಓಡಾಡುತ್ತ ಫೋನಿಗೆ ಹೇಳುತ್ತಿದ್ದುದು ಇಷ್ಟೇ: ಓಕೆ. ಸ್ವಲ್ಪ ಬಿಟ್ಟು, ಓಕೆ. ಮತ್ತೆ, ಓಕೆ ಓಕೆ. ಫೋನು ಜೇಬಿಗೆ. ಆಚೆ ಏನು ತೀರ್ಮಾನವಾಯಿತೋ, ಹಡಗೇ ಹೊರಟಿತೋ ಯಾರಿಗೆ ಗೊತ್ತು, ತೀರ್ಮಾನವಂತೂ ಆಗಿತ್ತು.

ಬಯೂಮಿ ಕೇಳಿಯೇಬಿಟ್ಟ. ಶಹಾತಾ ಗುರುವಿನ ಗತ್ತಿನಲ್ಲಿ ಕುರ್ಚಿ ಎಳೆದುಕೊಂಡ.

“ಭಾವ, ಇದು ಮಾತಲ್ಲ, ಮನೆಸಾಮಾನು. ಏನಕ್ಕೆ ಬೇಕಾದ್ರೂ ಆಗುತ್ತೆ. ಸಾಹೇಬ ಕೆಲಸ ಹೇಳ್ದ, ಓಕೆ. ಬೈದ, ಓಕೆ. ಅವ್ನು ಹೇಳಿದ್ದು ಅರ್ಥ ಆಗ್ಲಿಲ್ಲ ಅನ್ಕೋ, ಆಗ ಇನ್ನೂ ಜೋರಾಗಿ ಓಕೆ. ಮಾತು ಸಾಕು ಅನ್ನಿಸ್ತು, ಎರಡು ಸಲ ಓಕೆ ಓಕೆ ಅಂದು ಫೋನ್ ಇಟ್ಬಿಡು. ಎದುರಿನವನು ಸುಳ್ಳು ಹೇಳ್ತಿದ್ರೆ ಎಳೆದು ಹೇಳು, ಓ…ಕೆ. ಅವನಿಗೆ ಬೆವರು ಬರುತ್ತೆ.”

“ಬೇಡ ಅನ್ನೋದಕ್ಕೆ?”

ಶಹಾತಾ ಯೋಚಿಸಿದ. “ಬೇಡ ಅನ್ನೋದಕ್ಕೂ ಓಕೆ ಅಂದು ಆಮೇಲೆ ಹೋಗದೇ ಇದ್ರಾಯ್ತು.”

ಬಯೂಮಿಗೆ ಎದೆಯೊಳಗೆ ದೀಪ ಹತ್ತಿದಂತಾಯಿತು. ಐವತ್ತು ದಾಟುವವರೆಗೂ ಈ ಒಂದು ಮಾತಿಲ್ಲದೆ ತಾನು ಹೇಗೆ ಬದುಕಿದೆನೆಂದು ಅವನಿಗೇ ಸೋಜಿಗ.

ಮರುದಿನ ಮಂಡಿಯಲ್ಲಿ ಪ್ರಯೋಗ ಶುರು. ಲಾರಿಯವನು ಬಂದು, ಹಣ್ಣು ಬಿಸಿಲಿಗೆ ಬಾಡುತ್ತಿದೆ, ನನ್ನದು ಮೊದಲು ತೂಗು ಎಂದ. ಓಕೆ. ಅವನ ಹಿಂದಿನವನು ಬಂದು, ನನ್ನದು ಮೊದಲು ಎಂದ. ಓಕೆ. ಇಬ್ಬರೂ ಸಮಾಧಾನವಾಗಿ ಹೋಗಿ ನೆರಳಿನಲ್ಲಿ ಕೂತರು. ಮಧ್ಯಾಹ್ನ ಹಡಗಿನ ಕಂಪನಿಯ ಏಜೆಂಟನೊಬ್ಬ ಬಂದು ಅರ್ಧ ಅರಬ್ಬಿ ಅರ್ಧ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದ. ಬಯೂಮಿ ಹುಬ್ಬು ಗಂಟಿಕ್ಕಿ ಕೇಳಿ, ಸರಿಯಾದ ಜಾಗಗಳಲ್ಲಿ ಮೂರು ಓಕೆ ಇಟ್ಟ. ಏಜೆಂಟ ಕೈಕುಲುಕಿ ಹೋದ. ಮಂಡಿಯ ಮಾಲೀಕ ಬೆರಗಾಗಿ ನಿಂತು, ಇಷ್ಟು ವರ್ಷ ಈ ವಿದ್ಯೆಯನ್ನು ಬಚ್ಚಿಟ್ಟುಕೊಂಡಿದ್ದೆಯಲ್ಲ ಎಂದು ಎಲ್ಲರೆದುರು ತನ್ನ ಕುರ್ಚಿಯನ್ನೇ ಅವನ ಕಡೆ ತಳ್ಳಿದ.

“ಕೂತ್ಕೋ ಬಯೂಮಿ. ಇದು ನಿನ್ನ ಜಾಗಾನೇ.”

“ಓಕೆ,” ಎಂದು ಬಯೂಮಿ ಕೂತ. ಸಂಜೆಯವರೆಗೂ ಏಳಲಿಲ್ಲ. ಮಾಲೀಕ ಮಾವಿನ ಪೆಟ್ಟಿಗೆಯ ಮೇಲೆ ಕೂತು ಲೆಕ್ಕ ಬರೆದ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಊರಿನಲ್ಲಿ ಕೊಡುತ್ತೇನೆ ಎನ್ನುವುದು ಒಂದು ಮರ್ಯಾದೆ, ಬೇಡ ಎನ್ನುವುದು ಇನ್ನೊಂದು ಮರ್ಯಾದೆ. ಒಬ್ಬ ತಗೋ ಎನ್ನುತ್ತಾನೆ. ನೀನು ದೇವರಾಣೆ ಬೇಡ ಎನ್ನಬೇಕು. ಅವನು ಮತ್ತೆ ತಗೋ ಎನ್ನುತ್ತಾನೆ. ನೀನು ಎದೆ ಮುಟ್ಟಿಕೊಂಡು ಬೇಡ ಎನ್ನಬೇಕು. ಮೂರನೆಯ ಸಲವೂ ಹೀಗೇ ಆಗಿ, ಇಬ್ಬರೂ ಒಬ್ಬರನ್ನೊಬ್ಬರು ಹರಸಿ ತಮ್ಮ ತಮ್ಮ ಸಾಮಾನಿನೊಂದಿಗೆ ಮನೆಗೆ ಹೋಗುತ್ತಾರೆ. ಯಾರ ಕೈಯಿಂದಲೂ ಏನೂ ಹೋಗುವುದಿಲ್ಲ, ಇಬ್ಬರ ಮನಸ್ಸೂ ತುಂಬಿರುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ದೊಡ್ಡ ಮನಸ್ಸು ಬೇರೆಲ್ಲೂ ಸಿಗಲಾರದು. ಈ ಇಡೀ ಏರ್ಪಾಡು ನಿಂತಿರುವುದು ಮೂರು ಬೇಡಗಳ ಮೇಲೆ. ಬಯೂಮಿಯೂ ಹುಟ್ಟಿದಾಗಿನಿಂದ ಈ ಬೇಡಗಳನ್ನು ಇತರರಿಗಿಂತ ಉದ್ದವಾಗಿಯೇ ಹೇಳಿಕೊಂಡು ಬಂದವನು. ಆದರೆ ನಾಲಿಗೆಗೆ ಒಮ್ಮೆ ಚಿಕ್ಕ ದಾರಿ ಸಿಕ್ಕಿದ ಮೇಲೆ ಅದು ಸುತ್ತುದಾರಿಗೆ ಒಲ್ಲೆನೆಂದಿತು.

ಮೊದಲು ಸಿಕ್ಕಿಬಿದ್ದವನು ಟ್ಯಾಕ್ಸಿ ಓಡಿಸುವ ಉಸ್ತಾ ಗಾಬೆರ್. ಬಯೂಮಿ ಇಳಿದು ಜೇಬಿಗೆ ಕೈಹಾಕಿದಾಗ ಗಾಬೆರ್, ದಿನಕ್ಕೆ ಇಪ್ಪತ್ತು ಸಲ ಹೇಳುವಂತೆ, ಇರಲಿ ಬಿಡು, ನಮ್ಮ ಲೆಕ್ಕಕ್ಕಿರಲಿ ಎಂದ. ಬಯೂಮಿ ಓಕೆ ಎಂದು ಬಾಗಿಲು ಹಾಕಿ ಮೆಟ್ಟಿಲು ಹತ್ತಿದ. ಗಾಬೆರ್ ಸ್ಟೀರಿಂಗ್ ಹಿಡಿದವನು ಹಿಡಿದಂತೆಯೇ ಕೂತಿದ್ದ. ಅವನ ಹಿಂದೆ ಆರು ಗಾಡಿಗಳು ಹಾರ್ನ್ ಹೊಡೆದವು. ಕೊನೆಗೆ ಅವನು ಇಳಿದು ಮಾಂಸದಂಗಡಿಯವನ ಹತ್ತಿರ ಹೋಗಿ, ಬಯೂಮಿಯ ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಮೆಲ್ಲಗೆ ವಿಚಾರಿಸಿದನಂತೆ.

ಮೂರನೇ ಮಹಡಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಉಸ್ತಾದ್ ಬಿಶಾರಾ ಸೆಕೆಗೆ ಬಾಗಿಲು ತೆರೆದಿಟ್ಟು ಊಟಕ್ಕೆ ಕೂತಿದ್ದರು. ಡಾಕ್ಟರು ಅವರಿಗೆ ವಾರಕ್ಕೊಮ್ಮೆ ಮಾತ್ರ ಮಾಂಸ ತಿನ್ನಲು ಬಿಟ್ಟಿದ್ದರು. ಆ ದಿನ ಅಂದೇ. ತಟ್ಟೆಯಲ್ಲಿ ಹಸಿಗೋಧಿಯ ನುಚ್ಚು ತುಂಬಿ ಕೆಂಪಗೆ ಹುರಿದ ಎರಡು ಪಾರಿವಾಳ, ಗಂಡನಿಗೊಂದು ಹೆಂಡತಿಗೊಂದು. ಮೆಟ್ಟಿಲಲ್ಲಿ ಹೋಗುವವರನ್ನು ಕರೆಯದೆ ತಿನ್ನುವುದುಂಟೆ? ಬಾ ಬಯೂಮಿ, ಕೈ ತೊಳ್ಕೋ ಎಂದರು. ಮುಂದೆ ನಡೆದದ್ದನ್ನು ಬಿಶಾರಾ ಬಹಳ ದಿನ ಯಾರ ಹತ್ತಿರವೂ ಹೇಳಲಾರದೆ ಹೋದರು. ಅವರ ಹೆಂಡತಿ ಹೇಳಿದಳು. ಬಯೂಮಿ ಮೂಳೆಯನ್ನೂ ಬಿಡಲಿಲ್ಲವಂತೆ, ಕೊನೆಗೆ ಇನ್ನು ಸ್ವಲ್ಪ ನುಚ್ಚು ಹಾಕ್ಲಾ ಎಂದು ಅವಳು ಬಾಯಿತಪ್ಪಿ ಕೇಳಿದ್ದಕ್ಕೂ ಓಕೆ ಎಂದನಂತೆ.

ನೀರಿನ ಕಚೇರಿಯಲ್ಲಿ ಇನ್ನೂ ಚೆನ್ನಾಗಿ ನಡೆಯಿತು. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಹೋದ ಬಯೂಮಿಗೆ ಅಧಿಕಾರಿ, ಎದ್ದು ಹೋಗಲೆಂಬ ಆಸೆಯಿಂದ, ಇದು ನಿಮ್ಮದೇ ಕಚೇರಿ, ನಾನು ನಿಮ್ಮ ಸೇವಕ, ಯಾವಾಗ ಬೇಕಾದರೂ ನನ್ನನ್ನು ಕರೆದುಕೊಂಡು ಹೋಗಿ ಎಂದ. ಅರ್ಧ ಗಂಟೆಯಲ್ಲಿ ಆ ಅಧಿಕಾರಿ ಬಯೂಮಿಯ ಅಡುಗೆಮನೆಯಲ್ಲಿ ತೊಟ್ಟಿಯ ಕೆಳಗೆ ತಲೆ ತೂರಿಸಿ ಕೂತಿದ್ದ. ಹೇಗೆ ಬಂದೆನೆಂದು ಅವನಿಗೂ ತಿಳಿಯದು. ನೀರು ಬಂತು. ಹೊರಡುವಾಗ ಅವನು ಮರ್ಯಾದೆಗೂ ಒಂದು ಮಾತಾಡದೆ ಓಡಿದ.

ಎಲ್ಲಕ್ಕಿಂತ ಕೆಟ್ಟದ್ದು ಹಕ್ಕಿಯ ಪ್ರಕರಣ. ಕಾಫಿ ಅಂಗಡಿಯ ಯಜಮಾನ ಮುಅಲ್ಲಿಮ್ ಖಮೀಸ್‌ಗೆ ಮಕ್ಕಳಿಲ್ಲ. ಇದ್ದದ್ದು ಪಂಜರದಲ್ಲೊಂದು ಹಳದಿ ಕ್ಯಾನರಿ. ಬೆಳಗ್ಗೆ ಅದು ಹಾಡಿದ ಮೇಲೆಯೇ ಅವನು ಒಲೆ ಹಚ್ಚುತ್ತಿದ್ದುದು. ಬಯೂಮಿ ಹುಕ್ಕಾ ಎಳೆಯುತ್ತ, ಎಂಥ ಹಕ್ಕಿಯಪ್ಪ ಎಂದ. ಹೊಗಳಿದ ಸಾಮಾನನ್ನು ನಿಮಗೇ ಒಪ್ಪಿಸಿದೆ ಎನ್ನದ ಮನುಷ್ಯ ಆ ಊರಿನಲ್ಲಿಲ್ಲ. ಖಮೀಸ್ ಹಾಗೆಂದ. ಬಯೂಮಿ ಓಕೆ ಎಂದು ಪಂಜರ ಇಳಿಸಿಕೊಂಡು ಬೀದಿಯುದ್ದಕ್ಕೂ ನಡೆದ. ಹಕ್ಕಿ ದಾರಿಯೆಲ್ಲ ಹಾಡಿತು. ಕಾಫಿ ಅಂಗಡಿಯಲ್ಲಿ ದಾಳ ಆಡುತ್ತಿದ್ದವರ ಕೈಯಲ್ಲಿ ದಾಳ ಹಾಗೇ ನಿಂತಿತ್ತು.

ಬಯೂಮಿಯ ಹೆಂಡತಿ ಸನಿಯ್ಯಾ ಪಂಜರ ನೋಡಿದವಳೇ ತಲೆವಸ್ತ್ರ ಬಿಗಿದುಕೊಂಡಳು. ಈಗಿಂದೀಗಲೇ ವಾಪಸು ಕೊಟ್ಟು ಬಾ ಎಂದಳು. ಬಯೂಮಿ ವಿಧೇಯನಾಗಿ ಹೋದ. ಖಮೀಸ್‌ನ ಕಣ್ಣಲ್ಲಿ ನೀರೇ ಬಂತು. ಆದರೂ ಮರ್ಯಾದಸ್ಥ, ಕೊಟ್ಟದ್ದನ್ನು ಒಂದೇ ಸಲಕ್ಕೆ ವಾಪಸು ತೆಗೆದುಕೊಳ್ಳುವುದು ಹೇಗೆ? ಬೇಡ ಬೇಡ, ನಿಮ್ಮ ಮನೆಯಲ್ಲೇ ಇರಲಿ ಎಂದ. ಮೊದಲನೆಯ ಬೇಡ. ಇನ್ನೆರಡು ಬಾಕಿಯಿದ್ದವು.

ಬಯೂಮಿ ಓಕೆ ಎಂದು ಹಕ್ಕಿಯನ್ನು ಮತ್ತೆ ಮನೆಗೆ ತಂದ.

“ಅವನೇ ಬೇಡ ಅಂದ,” ಎಂದು ಹೆಂಡತಿಗೆ ಹೇಳಿದ.

“ಅವ್ನು ಬೇಡ ಅಂದ್ರೆ ಬೇಕು ಅಂತ. ಬಯೂಮಿ, ನೀನು ಈ ಊರಲ್ಲಿ ಹುಟ್ಟಿದವನೋ, ಹಡಗಿಂದ ಬಿದ್ದವನೋ?”

“ಬೇಕು ಅಂದ್ರೆ ಬೇಕು ಅನ್ಲಿ. ನಾನೇನು ಅವನ ಹೊಟ್ಟೆಯೊಳಗೆ ಹೊಕ್ಕು ನೋಡ್ಲಾ?”

ಸನಿಯ್ಯಾ ತಾನೇ ಪಂಜರ ಎತ್ತಿಕೊಂಡು ಹೋಗಿ, ಖಮೀಸ್ ಬಾಯಿ ತೆರೆಯುವ ಮುಂಚೆ ಮೊಳೆಗೆ ತಗುಲಿಸಿ ಬಂದಳು. ಆದರೆ ಊರಿಗೆ ಎಚ್ಚರವಾಗಿತ್ತು. ಬಯೂಮಿಯ ಹೆಜ್ಜೆ ಕೇಳಿದರೆ ಮೆಟ್ಟಿಲಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಗಾಬೆರ್ ಬಾಡಿಗೆಯನ್ನು ಹತ್ತುವ ಮುಂಚೆಯೇ ಕೇಳತೊಡಗಿದ. ಕಾಫಿ ಅಂಗಡಿಯಲ್ಲಿ ಅವನು ಬಂದು ಕೂತರೆ ಜನ ಕೈಗಡಿಯಾರ ಬಿಚ್ಚಿ ಜೇಬಿಗೆ ಇಳಿಸಿದರು. ಸಿಗರೇಟು ಹಚ್ಚುವವನು ಆ ಕಡೆ ತಿರುಗಿ ಹಚ್ಚಿದ. ಬಯೂಮಿ ಮಾತ್ರ ಇದನ್ನೆಲ್ಲ ನೋಡಿ, ಇಂಗ್ಲಿಷ್ ಬಂದವನಿಗೆ ಜನ ಸ್ವಲ್ಪ ದೂರವೇ ನಿಲ್ಲುತ್ತಾರೆ ಎಂದುಕೊಂಡ.

ಗುರುವಾರ ಸಂಜೆ ನಗ್ಲಾ ಅಪ್ಪನ ಪಕ್ಕದಲ್ಲಿ ಬಂದು ಕೂತಳು. ಜಗಳವಾಡಲಿಲ್ಲ, ಅಳಲಿಲ್ಲ. ಅವನ ಅಂಗಿಯ ಗುಂಡಿ ಸಡಿಲವಾಗಿತ್ತು. ಅದನ್ನು ಹೊಲಿಯುತ್ತ ಹೇಳಿದಳು.

“ಬಾಬಾ, ನಾಳೆ ಒಂದಿನ ಅಮ್ಮ ಹೇಳಿದಂಗೆ ಕೇಳಿ. ಇಸಾಮ್ ಮೂರು ವರ್ಷದಿಂದ ಆ ಎರಡು ಕೋಣೆಗೆ ಬಾಡಿಗೆ ಕಟ್ಟಿ, ಒಂದರಲ್ಲಿ ದೋಣಿ ಎಂಜಿನ್ ಇಟ್ಕೊಂಡಿದಾನೆ.”

ಬಯೂಮಿ ಹೊಲಿದ ಗುಂಡಿಯನ್ನು ಮುಟ್ಟಿ ನೋಡಿಕೊಂಡ. ಓಕೆ ಎಂದ. ಅಷ್ಟು ಪ್ರೀತಿಯಿಂದ ಆ ಮಾತನ್ನು ಅವನು ಯಾವತ್ತೂ ಹೇಳಿರಲಿಲ್ಲ.

ಸನಿಯ್ಯಾ ಭರವಸೆಯ ಮೇಲೆ ಏನನ್ನೂ ಬಿಡುವವಳಲ್ಲ. ಶುಕ್ರವಾರ ನಮಾಜು ಮುಗಿಸಿ ಬಂದ ಗಂಡನನ್ನು ನಿಲ್ಲಿಸಿಕೊಂಡು, ಆ ಮಾತು ನಿನ್ನ ಬಾಯಿಂದ ಹೊರಟರೆ ನಾನು ತವರುಮನೆಗೆ ಹೋಗುತ್ತೇನೆ ಎಂದಳು. ಬಯೂಮಿ ಓಕೆ ಎನ್ನಲು ಬಾಯಿ ತೆರೆದ. ಅವಳು ಆ ತೆರೆದ ಬಾಯಿಗೆ ದೊಡ್ಡದೊಂದು ಟಾಫಿ ತುರುಕಿದಳು. ಹಲ್ಲಿಗೆ ಅಂಟುವಂಥದ್ದು. ನಿನ್ನೆಯೇ ತಾನು ತಿಂದು ಪರೀಕ್ಷೆ ಮಾಡಿದ್ದಳು. ಮಾತು ಮುಗಿಯುವವರೆಗೆ ಬರುತ್ತದೆ. ಅವನು ತಲೆಯಾಡಿಸಿದರೆ ಸಾಕು, ಬಾಕಿಯನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು. ಸೋಫಾದಲ್ಲಿ ಅವನ ಪಕ್ಕ ಕೂತು, ಚಪ್ಪಲಿಯ ಹಿಮ್ಮಡಿಯನ್ನು ಅವನ ಕಾಲಿನ ಮೇಲೆ ಇಟ್ಟುಕೊಂಡಳು, ಒತ್ತಲಿಲ್ಲ. ಹಾಗೇ ಇಟ್ಟಿದ್ದಳು.

ಅವರು ಬಂದರು. ಹಾಜ್ ದಸೂಕಿ ಮಾತನ್ನೂ ಮಂಜುಗಡ್ಡೆಯಂತೆ ಗರಗಸದಲ್ಲಿ ಕೊಯ್ದು ಅಳತೆಗೆ ಸರಿಯಾಗಿ ಕೊಡುವವರು. ಅವರ ಹೆಂಡತಿ ಹಾಜ್ಜಾ ತಹಿಯಾ ಬರುತ್ತಲೇ ಸೋಫಾದ ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿದರು. ಹಿಂದೆ ಇಸಾಮ್, ಉಗುರಿನ ಸಂದಿಯ ಗ್ರೀಸು ತೊಳೆದು ತೊಳೆದು ಕೈ ಕೆಂಪು ಮಾಡಿಕೊಂಡಿದ್ದ.

ಕುಶಲ ಕೇಳುವುದು ಸರಾಗವಾಗಿ ನಡೆಯಿತು. ಹೇಗಿದ್ದೀಯಾ ಎಂದರೆ ಬಯೂಮಿ ತಲೆಯಾಡಿಸಿದ. ಮಂಡಿಯ ವ್ಯಾಪಾರ ಹೇಗಿದೆ ಎಂದರೆ ಕಣ್ಣು ಮುಚ್ಚಿ ತಲೆಯಾಡಿಸಿದ. ಈ ಗಾಂಭೀರ್ಯ ಹಾಜ್‌ಗೆ ಹಿಡಿಸಿತು. ನಾಲ್ಕು ಸಲ ಬಂದಾಗಲೂ ಈ ಮನುಷ್ಯ ತನ್ನ ಹೊಟ್ಟೆಯುಬ್ಬರದ ಕಥೆ ಹೇಳಿದ್ದ. ಈ ಸಲ ಏನೋ ತೀರ್ಮಾನ ಮಾಡಿಕೊಂಡೇ ಕೂತಿದ್ದಾನೆ ಎಂದು ಅವರು ಎಚ್ಚರವಾದರು. ಆದರೆ ಸನಿಯ್ಯಾ ಲೆಕ್ಕ ಹಾಕುವಾಗ ಒಂದನ್ನು ಮರೆತಿದ್ದಳು. ಅವಳು ಟಾಫಿ ತಿಂದು ನೋಡಿದ್ದು ಫ್ಯಾನಿನ ಕೆಳಗೆ ಆರಾಮವಾಗಿ ಕೂತು. ಬಯೂಮಿ ಹೆದರಿದ್ದ. ಹೆದರಿದವನ ಬಾಯಲ್ಲಿ ಟಾಫಿ ಬೇಗ ಕರಗುತ್ತದೆ.

ಹಾಜ್ ಗಂಟಲು ಸರಿಮಾಡಿಕೊಂಡು ಮಾತು ಎತ್ತಿದರು. ಮದುವೆಯ ಮಾತುಕತೆ ಶುರುವಾಗುವುದೇ ಈ ಮಾತಿನಿಂದ. ಕುಸ್ತಿಯವನು ಅಖಾಡಕ್ಕಿಳಿದು ತೊಡೆ ತಟ್ಟಿದ ಹಾಗೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

“ನೋಡು ಬಯೂಮಿ, ನಮಗೆ ಏನೂ ಬೇಡ. ಹುಡುಗಿ ಉಟ್ಟ ಬಟ್ಟೇಲಿ ಬರ್ಲಿ. ತಲೆ ಮೇಲೆ ಹೊತ್ಕೊಂಡು ಹೋಗ್ತೀವಿ.”

ಇದಕ್ಕೆ ಹೆಣ್ಣಿನ ತಂದೆ, ದೇವರಾಣೆ ಅದಾಗದು ಹಾಜ್, ನನ್ನ ಮಗಳನ್ನು ಹಾಗೆ ಕಳಿಸಲಾರೆ ಎನ್ನಬೇಕು. ಆಮೇಲೆ ನಿಜವಾದ ಚೌಕಾಸಿ. ಇಡೀ ಕೋಣೆ ಆ ಉತ್ತರಕ್ಕೆ ಕಾದಿತ್ತು. ಸನಿಯ್ಯಾ ಅದನ್ನು ತಾನೇ ಹೇಳಲು ಉಸಿರೆಳೆದುಕೊಂಡಳು.

ಬಯೂಮಿಯ ನಾಲಿಗೆಯ ಮೇಲಿನ ಟಾಫಿಯ ಕೊನೆಯ ಚೂರು ಜಾರಿ ಗಂಟಲಿಗಿಳಿಯಿತು.

“ಓಕೆ,” ಎಂದ.

ಫ್ಯಾನು ತಿರುಗುತ್ತಿತ್ತು. ಹಾಜ್ ಎತ್ತಿದ ಲೋಟ ತುಟಿಗೂ ಹೋಗದೆ ಮೇಜಿಗೂ ಇಳಿಯದೆ ನಡುವೆ ನಿಂತಿತು. ಹಾಜ್ಜಾ ತಹಿಯಾ ಗಂಡನ ಕಡೆ ನೋಡಿ, ಸನಿಯ್ಯಾಳ ಕಡೆ ನೋಡಿ, ಕೊನೆಗೆ ಗೋಡೆಯನ್ನು ಕೇಳಿದರು. “ಉಟ್ಟ ಬಟ್ಟೆ ಅಂದ್ರೆ… ಉಟ್ಟ ಬಟ್ಟೆನಾ?”

ಸನಿಯ್ಯಾಳ ಹಿಮ್ಮಡಿ ಅವನ ಕಾಲಿನ ಮೇಲೆ ಬಲವಾಗಿ ಇಳಿಯಿತು. ಬಯೂಮಿಗೆ ಕಣ್ಣಲ್ಲಿ ನೀರು ಬಂತು. ಆಗಲೇ ತಾನು ಏನು ಮಾಡಿದೆನೆಂಬುದೂ ಹೊಳೆಯಿತು. ಮಗಳ ಬಾಳು ಮುಳುಗುತ್ತಿದೆ. ಏನಾದರೂ ಮಾಡಬೇಕು, ಮರ್ಯಾದೆಯದು, ದೊಡ್ಡದು. ಹೆಣ್ಣಿನ ಕಡೆಯವರು ಹೇಳುವ ತೊಡೆ ತಟ್ಟುವ ಮಾತು ಒಂದಿತ್ತು. ಅದನ್ನು ಹಿಡಿದುಕೊಂಡ.

“ನಾವೂ ಅಷ್ಟೇ ಹಾಜ್. ನಮಗೆ ಚಿನ್ನ ಬೇಡ, ಮಂಚ ಬೇಡ, ಕುರ್ಚಿ ಬೇಡ. ನಾವು ತಗೋತಿರೋದು ಒಬ್ಬ ಗಂಡಸನ್ನ. ಅವನೊಬ್ಬ ಬಂದ್ರೆ ಸಾಕು.”

ಹಾಜ್ ದಸೂಕಿ ಲೋಟವನ್ನು ಮೇಜಿನ ಮೇಲಿಟ್ಟರು. ಜೀವಮಾನವೆಲ್ಲ ವ್ಯಾಪಾರ ಮಾಡಿದವರು ಅವರು. ಮೂರು ವರ್ಷದಿಂದ ಮನೆಯಲ್ಲಿ ರಾತ್ರಿ ಹಗಲು ಆ ಬೀರಿನ ಮಾತನ್ನೇ ಕೇಳಿದವರೂ ಅವರೇ. ಅವರ ಮೀಸೆಯ ಒಂದು ತುದಿ ಸ್ವಲ್ಪವೇ ಮೇಲೆದ್ದಿತು.

“ಓಕೆ,” ಎಂದರು.

ಮೂರು ವರ್ಷದಲ್ಲಿ ಒಂದು ವಿಷಯಕ್ಕೂ ಒಂದಾಗದಿದ್ದ ಇಬ್ಬರು ತಾಯಂದಿರು ಒಟ್ಟಿಗೇ ಎದ್ದು ನಿಂತರು.

ಹಾಜ್ಜಾ ತಹಿಯಾ ಎದೆ ಬಡಿದುಕೊಂಡರು. “ನನ್ನ ಸೊಸೆ ಕೈಲಿ ಬಳೆ ಇಲ್ದೆ ಬಂದ್ರೆ ನನ್ನ ಅಕ್ಕಂದಿರು ಏನಂತಾರೆ? ದಸೂಕಿ ಮನೆಯವರು ಹುಡುಗೀನ ಕದ್ಕೊಂಡು ಬಂದ್ರು ಅಂತಾರೆ. ಇವರಿಬ್ರೂ ಏನಾದ್ರೂ ಅಂದ್ಕೊಳ್ಲಿ, ಬಳೆ ನಾನು ಹಾಕ್ತೀನಿ.”

“ನೀವು ಬಳೆ ಹಾಕಿ ನನ್ನ ಮಗಳು ಬರಿಗೈಲಿ ಬಂದ್ಳು ಅನ್ನಿಸ್ಕೊಳ್ಲಾ?” ಎಂದಳು ಸನಿಯ್ಯಾ. “ಗಾಜಿನ ಬೀರು ನಂದು.”

“ಬೀರು ನಮ್ದು. ನಾನಾಗ್ಲೇ ನೋಡಿಟ್ಟಿದ್ದೀನಿ.”

“ಅದು ಹೆಣ್ಣಿನ ಕಡೆಯವರು ಕೊಡೋದು.”

“ಯಾರು ಹೇಳಿದ್ದು?”

“ನೀವೇ ಹೇಳಿದ್ದು, ಮೂರು ವರ್ಷ.”

ಹಾಜ್ಜಾ ಬೀರನ್ನು ಬಿಟ್ಟರು. ಮಂಚ ನಮ್ಮದು ಎಂದರು. ಸನಿಯ್ಯಾ ಫ್ರಿಜ್ಜಿನಿಂದ ಎದುರು ನಿಂತಳು. ಅವರು ಪರದೆ ಎಂದರೆ ಇವಳು ಹಾಸಿಗೆ ಎಂದಳು. ಇಲ್ಲಿಯವರೆಗೆ ನೀವು ಕೊಡಿ ಎಂದು ಏರಿದ್ದ ದನಿಗಳೇ ಈಗ ನಾನು ಕೊಡುತ್ತೇನೆ ಎಂದು ಅದೇ ಎತ್ತರಕ್ಕೆ ಏರಿದವು. ಬೀದಿಯವರಿಗೆ ಕೇಳುತ್ತಿದ್ದುದು ದನಿ ಮಾತ್ರ. ಕೆಳಗೆ ಗಾಬೆರ್ ಟ್ಯಾಕ್ಸಿಗೆ ಒರಗಿ, ಮುರಿದುಬಿತ್ತು ಕಾಣುತ್ತದೆ ಎಂದ. ಕಾಫಿ ಅಂಗಡಿಯಿಂದ ಖಮೀಸ್, ಹುಡುಗನನ್ನು ಕೊಡುತ್ತೇವೆ ಎಂದಿರಬೇಕು, ಇವನು ಮನೆಗೇ ಇಟ್ಟುಕೊಂಡಿರಬೇಕು ಎಂದ. ಮೂರನೇ ಮಹಡಿಯ ಬಿಶಾರಾ ಎಲ್ಲಕ್ಕೂ ಮುಂಜಾಗ್ರತೆಯಾಗಿ ಬಾಗಿಲಿಗೆ ಚಿಲಕ ಹಾಕಿಕೊಂಡರು.

ಬಯೂಮಿಗೆ ಯಾರು ಗೆಲ್ಲುತ್ತಿದ್ದಾರೆ ಎಂಬುದೇ ತಿಳಿಯಲಿಲ್ಲ. ಸಹಾಯಕ್ಕೆಂದು ಬಾಯಿ ತೆರೆದಾಗ ಹಾಜ್ ಬೆರಳಿನಲ್ಲೇ ಸನ್ನೆ ಮಾಡಿದರು, ಸುಮ್ಮನಿರು ಎಂದು.

ಆಗ ಶರಬತ್ತಿನ ತಟ್ಟೆ ಹಿಡಿದು ನಗ್ಲಾ ಬಾಗಿಲಲ್ಲಿ ಕಾಣಿಸಿಕೊಂಡಳು. ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು, ಮಾತು ಮಾತ್ರ ನೆಟ್ಟಗಿತ್ತು.

“ಹಾಜ್ ಏನೂ ಬೇಡ ಅಂದ್ರು, ಬಾಬಾ ಒಪ್ಪಿದ್ರು. ಬಾಬಾ ಏನೂ ಬೇಡ ಅಂದ್ರು, ಹಾಜ್ ಒಪ್ಪಿದ್ರು. ಹಾಗಾದ್ರೆ ಫಾತಿಹಾ ಓದೋಣ್ವಾ?”

ಅವಳ ಮಾತು ಮುಗಿಯುವ ಮುಂಚೆ ಇಸಾಮ್‌ನ ಎರಡೂ ಅಂಗೈಗಳು ಮೇಲೆದ್ದಿದ್ದವು. ಮಾತು ಗಟ್ಟಿಯಾಯಿತೆಂದು ಫಾತಿಹಾ ಪ್ರಾರ್ಥನೆ ಓದಲು ಕೈ ಎತ್ತಿದ ಮೇಲೆ ಯಾರಾದರೂ ಬೀರಿನ ಮಾತಾಡುವುದುಂಟೆ? ಹಾಜ್ ಕೈ ಎತ್ತಿದರು. ಬಯೂಮಿ ಕೈ ಎತ್ತಿದ. ಫ್ರಿಜ್ಜು ಎಂದು ತೆರೆದಿದ್ದ ಬಾಯನ್ನು ಸನಿಯ್ಯಾ ಹಾಗೇ ಮುಚ್ಚಿದಳು. ಹಾಜ್ಜಾ ತಹಿಯಾ ಕಣ್ಣಿನಲ್ಲೇ ಗಂಡನನ್ನು ಸುಟ್ಟು, ಅಂಗೈ ಬಿಡಿಸಿದರು. ತುಟಿಗಳಷ್ಟೇ ಆಡಿದವು. ಮುಗಿಸಿ ಎಲ್ಲರೂ ಮುಖ ಸವರಿಕೊಂಡಾಗ ಮೂರು ವರ್ಷದ ಕೆಲಸ ಮುಗಿದಿತ್ತು. ಸನಿಯ್ಯಾ ಗಂಟಲೆತ್ತಿ ಉಲಿದ ಮಂಗಳದ ಕೂಗು ಬೀದಿಗೆ ಬಿದ್ದಿತು. ಗಾಬೆರ್ ತನ್ನ ಮಾತನ್ನು ತಾನೇ ಮರೆತು ಹಾರ್ನ್ ಹೊಡೆಯತೊಡಗಿದ.

ತಾಯಂದಿರು ಆಮೇಲೂ ಬಿಡಲಿಲ್ಲ. ಒಬ್ಬರದು ಇನ್ನೊಬ್ಬರಿಗೆ ತಿಳಿಯದ ಹಾಗೆ ಇಬ್ಬರೂ ಬೀರು ಕೊಂಡು ಕಳಿಸಿದರು. ಆ ಎರಡು ಕೋಣೆಯ ಮನೆಯಲ್ಲಿ ಈಗಲೂ ಎರಡು ಗಾಜಿನ ಬೀರುಗಳಿವೆ. ಒಂದರಲ್ಲಿ ಯಾರೂ ಮುಟ್ಟದ ಪಿಂಗಾಣಿ, ಇನ್ನೊಂದರಲ್ಲಿ ಥಳಥಳ ಒರೆಸಿಟ್ಟ ದೋಣಿ ಎಂಜಿನ್ನು. ಬಂದವರೆಲ್ಲ ನೋಡುವುದು ಎಂಜಿನ್ನನ್ನೇ.

ನಿಕಾಹ್ ನಡೆದದ್ದು ಮಾವಿನ ಕಾಲ ಮುಗಿಯುವ ಮುಂಚೆ, ಒಂದು ಶುಕ್ರವಾರ ಮಧ್ಯಾಹ್ನ. ಊಟ ಬಯೂಮಿಯ ಮನೆಯಲ್ಲಿ. ಬೀದಿಗೆ ಬೀದಿಯೇ ಬಂತು. ಬಿಶಾರಾ ದಂಪತಿಗಳಿಗೆ ಬಯೂಮಿ ತಾನೇ ನಿಂತು ಒಬ್ಬೊಬ್ಬರಿಗೂ ಎರಡೆರಡು ಪಾರಿವಾಳ ಬಡಿಸಿದ. ಡಾಕ್ಟರು ಹೇಳಿದ ದಿನ ಇವತ್ತಲ್ಲವೆಂದು ಬಿಶಾರಾ ಒಂದೇ ಒಂದು ಸಲ ಬೇಡ ಎಂದು, ಬಯೂಮಿ ನಿಜವೆಂದುಕೊಂಡುಬಿಟ್ಟಾನೆಂದು ಹೆದರಿ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಹೆದರಬೇಕಾದ ಕಾರಣವಿರಲಿಲ್ಲ. ಬಯೂಮಿ ಆ ಮಾತನ್ನು ಬಿಟ್ಟುಬಿಟ್ಟಿದ್ದ. ಫಾತಿಹಾ ಓದಿದ ದಿನವೇ ಸನಿಯ್ಯಾ ಅವನ ಕೈಯಿಂದ ಪ್ರಮಾಣ ಮಾಡಿಸಿಕೊಂಡಿದ್ದಳು. ಮಾತಿಗೆ ಮತ್ತೆ ಬಾಲ ಬೆಳೆದಿತ್ತು. ಗಾಬೆರ್‌ನ ತಾಯಿಯ ಮಂಡಿನೋವು ಹೇಗಿದೆಯೆಂದು ಅವನು ಊಟದ ನಡುವೆ ಮೂರು ಸಲ ವಿಚಾರಿಸಿದ. ಮೆಟ್ಟಿಲಿನ ಬಾಗಿಲುಗಳು ಮತ್ತೆ ತೆರೆದಿದ್ದವು. ಊರಿನ ಮರ್ಯಾದೆ ತನ್ನ ಜಾಗಕ್ಕೆ ಬಂದಿತ್ತು.

ಊಟವಾಗಿ, ಮದುಮಕ್ಕಳನ್ನು ಗಾಬೆರ್‌ನ ಹೂವಿನ ಟ್ಯಾಕ್ಸಿಯಲ್ಲಿ ಕಳಿಸಿ, ಬೀದಿಯವರೂ ಚದುರಿದ ಮೇಲೆ ಹಾಜ್ ದಸೂಕಿ ಹೆಂಡತಿಯೊಂದಿಗೆ ಹೊರಡಲು ಎದ್ದರು. ಬಯೂಮಿಯ ಹೃದಯ ತುಂಬಿಬಂತು. ಹಳೆಯ ಬಯೂಮಿ ಪೂರ್ತಿಯಾಗಿ ವಾಪಸು ಬಂದಿದ್ದ.

“ಎಲ್ಲಿಗೆ ಹಾಜ್, ಇಷ್ಟು ಬೇಗ? ದೇವರಾಣೆ ಕಳಿಸಲ್ಲ. ಇದು ನಿಮ್ಮನೆ. ಇವತ್ತಿರಿ, ನಾಳೆ ಇರಿ, ಒಂದು ವಾರ ಇದ್ದುಬಿಡಿ. ನಮ್ಮ ಕೋಣೇನೇ ಬಿಟ್ಕೊಡ್ತೀವಿ, ನಾವು ಹಜಾರದಲ್ಲಿ ಮಲ್ಕೊಂಡ್ರಾಯ್ತು.”

ಹಾಜ್ ದಸೂಕಿ ಬಾಗಿಲ ಹಿಡಿಯ ಮೇಲಿಟ್ಟಿದ್ದ ಕೈಯನ್ನು ತೆಗೆದರು. ಮೀಸೆಯ ಆ ತುದಿ ಮತ್ತೆ ಸ್ವಲ್ಪ ಎದ್ದಿತು. ಅವರು ನಿಧಾನವಾಗಿ ತಿರುಗಿ ಬಂದು, ಸೋಫಾದಲ್ಲಿ ಕೂತು, ಬಗ್ಗಿ ಬೂಟಿನ ಲಾಡಿ ಬಿಚ್ಚತೊಡಗಿದರು.

ಸನಿಯ್ಯಾ ದಿಂಬು ಹುಡುಕಲು ಒಳಗೆ ಹೋದಳು.